ಎರಡು ನಾಡಿನ ಮಕ್ಕಳು

(ಹುಟ್ಟಿ ಬೆಳೆದ ನಾಡು ಒಂದು, ತಂದೆತಾಯಿಗಳ ನಾಡು ಇನ್ನೊಂದು ಆಗಿರುವ ಕಾಲ್ಚೆಂಡಾಟಗಾರರು ಲೋಕದಲ್ಲಿ ಅನೇಕರಿದ್ದಾರೆ. ಕಣಕ್ಕೆ ಇಳಿಯುವಾಗ ಮಾತ್ರ ಅವರು ಒಂದೇ ನಾಡಿನ ಅಂಗಿಯನ್ನು ತೊಡಬೇಕು. ಆ ಆಯ್ಕೆಯ ಹಿಂದಿರುವ ಚರಿತ್ರೆಯನ್ನೂ ನಿಯಮಗಳನ್ನೂ ಮನಸ್ಸಿನ ತೊಳಲಾಟವನ್ನೂ ಈ ಪಾಠದಲ್ಲಿ ವಿವರಿಸಲಾಗಿದೆ.)

2010ನೆಯ ಇಸವಿಯ ಜೂನ್ 23. ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್ ನಗರದ ಕ್ರೀಡಾಂಗಣ. ವಿಶ್ವಕಪ್ ಕಾಲ್ಚೆಂಡು ಪಂದ್ಯಾವಳಿಯಲ್ಲಿ ಅಂದು ಜರ್ಮನಿಗೂ ಘಾನಾ ದೇಶಕ್ಕೂ ಪಂದ್ಯ. 80,000ಕ್ಕೂ ಮಿಕ್ಕ ಪ್ರೇಕ್ಷಕರು ಕಿಕ್ಕಿರಿದು ನೆರೆದಿದ್ದರು. ಆಟ ತೊಡಗುವ ಮುನ್ನ ಎರಡು ತಂಡಗಳೂ ಸಾಲಾಗಿ ನಿಂತವು. ಒಂದಾದ ಮೇಲೊಂದು ರಾಷ್ಟ್ರಗೀತೆಗಳು ಮೊಳಗಿದವು. ಜರ್ಮನಿಯ ಸಾಲಿನಲ್ಲಿ ಜೆರೋಮ್ ಬೋಟೆಂಗ್ ಎಂಬ ಇಪ್ಪತ್ತೊಂದು ವರ್ಷದ ತರುಣನು ನಿಂತಿದ್ದನು. ಘಾನಾದ ಸಾಲಿನಲ್ಲಿ ನಿಂತಿದ್ದವನು ಅವನ ಅಣ್ಣ ಕೆವಿನ್ ಪ್ರಿನ್ಸ್ ಬೋಟೆಂಗ್. ಒಂದೇ ತಂದೆಯ ಮಕ್ಕಳು ವಿಶ್ವಕಪ್ಪಿನಲ್ಲಿ ಎದುರುಬದುರಾಗಿ ಆಡಿದುದು ಅದೇ ಮೊದಲು.

ಇವರ ತಂದೆ ಘಾನಾದಿಂದ ಜರ್ಮನಿಗೆ ಬಂದು ನೆಲಸಿದವರು. ತಾಯಂದಿರು ಬೇರೆ ಬೇರೆ, ಇಬ್ಬರೂ ಜರ್ಮನರು. ಮಕ್ಕಳಿಬ್ಬರೂ ಹುಟ್ಟಿದುದು ಬರ್ಲಿನ್ ನಗರದಲ್ಲಿ. ಅಣ್ಣ ಬೆಳೆದುದು ವೆಡ್ಡಿಂಗ್ ಎಂಬ ಬಡವರ ಬಡಾವಣೆಯಲ್ಲಿ. ತಮ್ಮನು ಬೆಳೆದುದು ತಕ್ಕಮಟ್ಟಿಗೆ ಅನುಕೂಲವಂತರ ಬಡಾವಣೆಯಲ್ಲಿ. ಆದರೆ ಆಟ ಅವರನ್ನು ಒಂದುಗೂಡಿಸಿತು. ಇಬ್ಬರೂ ಹೆರ್ತಾ ಬರ್ಲಿನ್ ಎಂಬ ಒಂದೇ ಕ್ಲಬ್ಬಿನಲ್ಲಿ ಪಳಗಿದರು; ಇಬ್ಬರೂ ಜರ್ಮನಿಯ ಕಿರಿಯರ ತಂಡಗಳಲ್ಲಿ ಆಡಿದರು. ಮುಂದೆ ಹಾದಿ ಕವಲೊಡೆಯಿತು. ತಮ್ಮನಿಗೆ ಜರ್ಮನಿಯ ಹಿರಿಯರ ತಂಡದಲ್ಲಿ ಸ್ಥಾನ ದೊರೆಯಿತು. ಅಣ್ಣನಿಗೆ ಅದು ದೊರೆಯಲಿಲ್ಲ. ಅವನು ತಂದೆಯ ನಾಡನ್ನು ಆರಿಸಿಕೊಂಡನು.

ಈ ಕಥೆಗೆ ಇನ್ನೊಂದು ತೊಡಕೂ ಸೇರಿಕೊಂಡಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ನಡೆದ ಒಂದು ಅಂತಿಮ ಪಂದ್ಯದಲ್ಲಿ ಕೆವಿನ್ ಪ್ರಿನ್ಸ್ ಮೈಮೇಲೆ ಬಿದ್ದುದರಿಂದ ಎದುರಾಳಿ ಮೈಕೆಲ್ ಬಾಲಕ್ ಗಾಯಗೊಂಡನು. ಬಾಲಕ್ ಜರ್ಮನಿ ತಂಡದ ನಾಯಕ. ಆ ಗಾಯದಿಂದಾಗಿ ಅವನು ವಿಶ್ವಕಪ್ಪಿಗೆ ಹೋಗಲಾರದೆ ಹೋದನು. ಜರ್ಮನಿಯ ಜನರಿಗೆ ಕೆವಿನ್ ಪ್ರಿನ್ಸ್ ಮೇಲೆ ಎಲ್ಲಿಲ್ಲದ ಸಿಟ್ಟು ಬಂದಿತು. ಅಣ್ಣತಮ್ಮಂದಿರ ನಡುವೆಯೂ ಮಾತು ನಿಂತುಹೋಯಿತೆಂದು ಪತ್ರಿಕೆಗಳು ಬರೆದವು. ಇಂಥ ಸನ್ನಿವೇಶದಲ್ಲಿ ಇಬ್ಬರೂ ಒಂದೇ ಅಂಗಳದಲ್ಲಿ ಎದುರಾದರು. ಅಂದು ಜರ್ಮನಿ ಒಂದು ಗೋಲಿನಿಂದ ಗೆದ್ದಿತು. ಸೋತರೂ ಘಾನಾ ಮುಂದಿನ ಸುತ್ತಿಗೆ ಏರಿತು. ಗೋಲು ಹೊಡೆದವನು ಮೆಸುಟ್ ಓಜಿಲ್. ಅವನೂ ಎರಡು ನಾಡಿನ ಮಗನೇ. ಅವನ ಅಜ್ಜ ತುರ್ಕಿಯಿಂದ ಜರ್ಮನಿಗೆ ದುಡಿಯಲು ಬಂದಿದ್ದವರು.

ಒಬ್ಬ ಆಟಗಾರನಿಗೆ ಎರಡು ನಾಡುಗಳು ಹೇಗೆ ದೊರೆಯುತ್ತವೆ? ಇದಕ್ಕೆ ಉತ್ತರ ಆಟದ ಅಂಗಳದಲ್ಲಿಲ್ಲ, ಚರಿತ್ರೆಯಲ್ಲಿದೆ. ಎರಡನೆಯ ಮಹಾಯುದ್ಧದ ಬಳಿಕ ಯೂರೋಪಿನ ಕಾರ್ಖಾನೆಗಳಿಗೂ ಗಣಿಗಳಿಗೂ ಕೆಲಸಗಾರರು ಸಾಲದಾದರು. ಜರ್ಮನಿ 1961ರಲ್ಲಿ ತುರ್ಕಿಯೊಡನೆ ಒಪ್ಪಂದ ಮಾಡಿಕೊಂಡು ಅಲ್ಲಿಂದ ಕೆಲಸಗಾರರನ್ನು ಕರೆಸಿಕೊಂಡಿತು. ಕೆಲವು ವರ್ಷ ದುಡಿದು ಊರಿಗೆ ಮರಳುವೆವೆಂದು ಬಂದವರಲ್ಲಿ ಅನೇಕರು ಅಲ್ಲಿಯೇ ಬೇರುಬಿಟ್ಟರು. ಫ್ರಾನ್ಸಿಗೆ ಅದರ ವಸಾಹತುಗಳಾಗಿದ್ದ ಉತ್ತರ ಮತ್ತು ಪಶ್ಚಿಮ ಆಫ್ರಿಕದ ನಾಡುಗಳಿಂದ ಜನ ಬಂದರು. 1975ರಲ್ಲಿ ಸ್ವತಂತ್ರವಾದ ಸುರಿನಾಮಿನಿಂದ ಬಹುಮಂದಿ ಹಾಲೆಂಡಿಗೆ ಹೋದರು. 1990ರ ದಶಕದಲ್ಲಿ ಯುಗೋಸ್ಲಾವಿಯ ಒಡೆದು ಚೂರಾದಾಗ ಯುದ್ಧಕ್ಕೆ ಅಂಜಿದ ಕುಟುಂಬಗಳು ಸ್ವಿಟ್ಜರ್ಲೆಂಡ್ ಮೊದಲಾದ ದೇಶಗಳಲ್ಲಿ ಆಶ್ರಯ ಪಡೆದವು. ಹೀಗೆ ಬಂದವರ ಮಕ್ಕಳು ಮನೆಯಲ್ಲಿ ಒಂದು ನುಡಿಯನ್ನೂ ಶಾಲೆಯಲ್ಲಿ ಇನ್ನೊಂದು ನುಡಿಯನ್ನೂ ಆಡುತ್ತ ಬೆಳೆದರು. ಹೊಸ ಊರಿನ ಓಣಿಗಳಲ್ಲಿ ಅವರಿಗೆ ಮೊದಲು ಗೆಳೆತನ ತಂದುಕೊಟ್ಟುದು ಅನೇಕ ವೇಳೆ ಕಾಲ್ಚೆಂಡೇ ಆಗಿತ್ತು.

ಇದಕ್ಕೆ ಕಾನೂನೂ ಕಾರಣ. ಕೆಲವು ದೇಶಗಳು ತಮ್ಮ ನೆಲದಲ್ಲಿ ಹುಟ್ಟಿದವರಿಗೆ ಪೌರತ್ವ ನೀಡುತ್ತವೆ. ಕೆಲವು ದೇಶಗಳು ತಮ್ಮ ಪ್ರಜೆಗಳ ಮಕ್ಕಳಿಗೆ, ಅವರು ಎಲ್ಲಿಯೇ ಹುಟ್ಟಿರಲಿ, ಪೌರತ್ವ ನೀಡುತ್ತವೆ. ಒಂದು ನಾಡು ನೆಲವನ್ನೂ ಮತ್ತೊಂದು ನಾಡು ರಕ್ತವನ್ನೂ ಗಣಿಸಿದಾಗ ಒಂದೇ ಮಗುವಿಗೆ ಎರಡು ಪೌರತ್ವಗಳು ಒದಗುತ್ತವೆ. ಆ ಮಗು ಎರಡು ಕಡೆಗಳಲ್ಲಿಯೂ ಬದುಕಬಹುದು, ಓದಬಹುದು, ದುಡಿಯಬಹುದು. ರಾಷ್ಟ್ರೀಯ ತಂಡದ ಪ್ರಶ್ನೆ ಬಂದಾಗ ಮಾತ್ರ ಒಂದನ್ನು ಆರಿಸಲೇಬೇಕು.

ಮೊದಮೊದಲು ಈ ವಿಷಯದಲ್ಲಿ ಕಟ್ಟುನಿಟ್ಟು ಇರಲಿಲ್ಲ. ಲೂಯಿಸ್ ಮೊಂಟಿ ಎಂಬಾತನು 1930ರ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಅರ್ಜೆಂಟೀನದ ಪರವಾಗಿ ಆಡಿ ಸೋತನು. 1934ರ ಅಂತಿಮ ಪಂದ್ಯವನ್ನು ಇಟಲಿಯ ಪರವಾಗಿ ಆಡಿ ಗೆದ್ದನು. ಹಂಗೆರಿಯ ಹೆಸರಾಂತ ಆಟಗಾರ ಪುಷ್ಕಾಶ್ 1954ರಲ್ಲಿ ತನ್ನ ನಾಡಿಗೂ 1962ರಲ್ಲಿ ಸ್ಪೇನ್ ದೇಶಕ್ಕೂ ವಿಶ್ವಕಪ್ಪಿನಲ್ಲಿ ಆಡಿದನು. ಹೀಗೆ ಬಿಟ್ಟರೆ ಹಣವುಳ್ಳ ದೇಶಗಳು ಒಳ್ಳೆಯ ಆಟಗಾರರನ್ನೆಲ್ಲ ಸೆಳೆದುಕೊಂಡಾವು ಎಂಬ ಅಂಜಿಕೆ ಹುಟ್ಟಿತು. ಆದುದರಿಂದ ಅಂತರರಾಷ್ಟ್ರೀಯ ಕಾಲ್ಚೆಂಡು ಒಕ್ಕೂಟವಾದ ಫೀಫಾ ನಿಯಮಗಳನ್ನು ಬಿಗಿಗೊಳಿಸಿತು. ಒಂದು ದೇಶದ ಹಿರಿಯರ ತಂಡದಲ್ಲಿ ಅಧಿಕೃತ ಸ್ಪರ್ಧೆಯ ಪಂದ್ಯವನ್ನು ಆಡಿದವನು ಮತ್ತೊಂದು ದೇಶಕ್ಕೆ ಆಡುವಂತಿಲ್ಲ ಎಂಬುದು ಆ ನಿಯಮಗಳ ತಿರುಳು. ಸ್ನೇಹಪಂದ್ಯಗಳಿಗೆ ಈ ಕಟ್ಟು ಇಲ್ಲ. ಕಿರಿಯರ ತಂಡದಲ್ಲಿ ಆಡಿದ ಮಾತ್ರಕ್ಕೆ ಬಾಗಿಲು ಪೂರ್ತಿ ಮುಚ್ಚಬಾರದೆಂದು 2004ರಲ್ಲಿ ಒಂದು ಸಡಿಲಿಕೆ ಬಂದಿತು: ಎರಡು ಪೌರತ್ವವುಳ್ಳವನು ಇಪ್ಪತ್ತೊಂದು ವರ್ಷ ತುಂಬುವುದರೊಳಗೆ ಒಮ್ಮೆ ಮಾತ್ರ ನಾಡನ್ನು ಬದಲಾಯಿಸಬಹುದು. 2009ರಲ್ಲಿ ಆ ವಯಸ್ಸಿನ ಮಿತಿಯನ್ನು ತೆಗೆದುಹಾಕಲಾಯಿತು. ಕೆವಿನ್ ಪ್ರಿನ್ಸ್ ಘಾನಾಕ್ಕೆ ಆಡಲು ಸಾಧ್ಯವಾದುದು ಇದರಿಂದಲೇ.

ನಿಯಮ ಕಟ್ಟುನಿಟ್ಟಾಗಿದ್ದಾಗ ಅದರ ನೋವೂ ಕಟ್ಟುನಿಟ್ಟಾಗಿಯೇ ಇರುತ್ತದೆ. ಮುನೀರ್ ಎಲ್ ಹದ್ದಾದಿ ಸ್ಪೇನಿನಲ್ಲಿ ಹುಟ್ಟಿದ ಮೊರೊಕ್ಕೊ ಮೂಲದ ತರುಣ. 2014ರ ಸೆಪ್ಟೆಂಬರಿನಲ್ಲಿ, ಹತ್ತೊಂಬತ್ತು ತುಂಬಿದ ಹೊಸತರಲ್ಲಿ, ಅವನನ್ನು ಸ್ಪೇನಿನ ಹಿರಿಯರ ತಂಡಕ್ಕೆ ಕರೆದರು. ಮ್ಯಾಸಿಡೋನಿಯದ ಎದುರಿನ ಅರ್ಹತಾ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಕಡೆಯ ಕಾಲುಗಂಟೆಯಷ್ಟು ಹೊತ್ತು ಆಡಿದನು. ಆಮೇಲೆ ಅವನಿಗೆ ಸ್ಪೇನಿನ ಹಿರಿಯರ ತಂಡದಿಂದ ಕರೆ ಬರಲಿಲ್ಲ. ಮೊರೊಕ್ಕೊ ಕರೆದಾಗ ಹೋಗಲು ನಿಯಮ ಬಿಡಲಿಲ್ಲ. ಅವನು ಕ್ರೀಡಾ ನ್ಯಾಯಮಂಡಳಿಯ ಮೊರೆಹೊಕ್ಕನು. 2018ರ ವಿಶ್ವಕಪ್ಪಿಗೆ ಮುಂಚೆ ಅವನ ಕೋರಿಕೆ ತಿರಸ್ಕೃತವಾಯಿತು. ಕಾಲುಗಂಟೆಯ ಆಟ ಅವನನ್ನು ಆರು ವರ್ಷಕ್ಕೂ ಮಿಗಿಲಾಗಿ ಎರಡು ನಾಡುಗಳ ಹೊರಗೆ ನಿಲ್ಲಿಸಿತು. ಒಬ್ಬ ಹುಡುಗನ ಒಂದು ಸಂಜೆಯ ಹೂಂಕಾರಕ್ಕೆ ಇಷ್ಟು ದೊಡ್ಡ ಬೆಲೆಯೆ ಎಂದು ಅನೇಕರು ಕೇಳಿದರು.

ಇಂಥವರ ಸಂಕಟವನ್ನು ಮನಗಂಡು 2020ರಲ್ಲಿ ಫೀಫಾ ನಿಯಮವನ್ನು ಮತ್ತೆ ತಿದ್ದಿತು. ಇಪ್ಪತ್ತೊಂದು ತುಂಬುವ ಮೊದಲು ಹಿರಿಯರ ತಂಡದಲ್ಲಿ ಮೂರಕ್ಕಿಂತ ಹೆಚ್ಚು ಪಂದ್ಯ ಆಡಿರದಿದ್ದರೆ, ಕಡೆಯ ಪಂದ್ಯ ಆಡಿ ಮೂರು ವರ್ಷ ಕಳೆದಿದ್ದರೆ, ವಿಶ್ವಕಪ್ ಅಥವಾ ಖಂಡಮಟ್ಟದ ಪಂದ್ಯಾವಳಿಯ ಪ್ರಧಾನ ಹಂತದಲ್ಲಿ ಆಡಿರದಿದ್ದರೆ, ಅಂಥವನು ಒಮ್ಮೆ ತನ್ನ ಆಯ್ಕೆಯನ್ನು ಬದಲಾಯಿಸಬಹುದು. ಎರಡನೆಯ ನಾಡಿನ ಪೌರತ್ವ ಮಾತ್ರ ಮೊದಲ ಪಂದ್ಯದ ಹೊತ್ತಿಗೇ ಅವನಿಗೆ ಇದ್ದಿರಬೇಕು. ಮುನೀರನು 2021ರಲ್ಲಿ ಮೊರೊಕ್ಕೊ ತಂಡದ ಅಂಗಿಯನ್ನು ತೊಟ್ಟನು.

ನಿಯಮಗಳನ್ನು ಕಾಗದದ ಮೇಲೆ ತಿದ್ದಬಹುದು. ಮನೆಯೊಳಗಿನ ತೊಳಲಾಟಕ್ಕೆ ಹಾಗೆ ತಿದ್ದುಪಡಿ ಇಲ್ಲ. 2016ರ ಜೂನ್ 11ರಂದು ಫ್ರಾನ್ಸಿನ ಲಾನ್ಸ್ ಪಟ್ಟಣದಲ್ಲಿ ಯೂರೋಪ್ ಕಪ್ಪಿನ ಪಂದ್ಯವೊಂದು ನಡೆಯಿತು: ಸ್ವಿಟ್ಜರ್ಲೆಂಡಿಗೂ ಅಲ್ಬೇನಿಯಕ್ಕೂ. ಅಣ್ಣ ತೌಲಾಂಟ್ ಜಾಕಾ ಅಲ್ಬೇನಿಯದ ಕಡೆ. ತಮ್ಮ ಗ್ರಾನಿಟ್ ಜಾಕಾ ಸ್ವಿಟ್ಜರ್ಲೆಂಡಿನ ಕಡೆ. ಇಬ್ಬರೂ ಹುಟ್ಟಿದುದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅವರ ತಂದೆತಾಯಿಗಳು ಕೊಸೊವೊದ ಅಲ್ಬೇನಿಯನ್ನರು. ತಂದೆ ವಿದ್ಯಾರ್ಥಿಯಾಗಿದ್ದಾಗ ಸರ್ಕಾರವನ್ನು ವಿರೋಧಿಸುವ ಪ್ರದರ್ಶನದಲ್ಲಿ ಪಾಲ್ಗೊಂಡುದಕ್ಕಾಗಿ ಮೂರು ವರ್ಷಕ್ಕೂ ಮಿಗಿಲಾಗಿ ಸೆರೆಮನೆಯಲ್ಲಿದ್ದವರು. ಅಂದು ಪ್ರೇಕ್ಷಕರ ನಡುವೆ ಕುಳಿತಿದ್ದ ತಾಯಿ ತೊಟ್ಟಿದ್ದ ಅಂಗಿಯನ್ನು ಲೋಕವೇ ನೋಡಿತು. ಅದರಲ್ಲಿ ಅರ್ಧ ಸ್ವಿಟ್ಜರ್ಲೆಂಡಿನ ಧ್ವಜ, ಅರ್ಧ ಅಲ್ಬೇನಿಯದ ಧ್ವಜ. ಸ್ವಿಟ್ಜರ್ಲೆಂಡ್ ಒಂದು ಗೋಲಿನಿಂದ ಗೆದ್ದಿತು. ಆ ತಾಯಿ ಗೆದ್ದಳೆಂದು ಹೇಳಬೇಕೆ, ಸೋತಳೆಂದು ಹೇಳಬೇಕೆ? ನಿಯಮವು ಮಕ್ಕಳಿಗೆ ಒಂದೇ ಅಂಗಿಯನ್ನು ವಿಧಿಸಿತ್ತು. ತಾಯಿಗೆ ಅಂಥ ನಿಯಮವಿರಲಿಲ್ಲ.

ಬ್ರೀಲ್ ಎಂಬೋಲೊ ಹುಟ್ಟಿದುದು ಆಫ್ರಿಕದ ಕ್ಯಾಮರೂನ್ ದೇಶದಲ್ಲಿ, ಬೆಳೆದುದು ಸ್ವಿಟ್ಜರ್ಲೆಂಡಿನಲ್ಲಿ. 2022ರ ನವೆಂಬರ್ 24ರಂದು ಕತಾರಿನ ವಿಶ್ವಕಪ್ಪಿನಲ್ಲಿ ಈ ಎರಡು ದೇಶಗಳೇ ಎದುರಾದವು. ಪಂದ್ಯದ ಒಂದೇ ಗೋಲನ್ನು ಹೊಡೆದವನು ಎಂಬೋಲೊ. ಜೊತೆಗಾರರು ಕುಣಿಯುತ್ತ ಓಡಿಬಂದು ಅವನನ್ನು ತಬ್ಬಿಕೊಂಡರು. ಅವನು ಮಾತ್ರ ಕುಣಿಯಲಿಲ್ಲ. ಎರಡು ಕೈಗಳನ್ನೂ ಎತ್ತಿ ಸುಮ್ಮನೆ ನಿಂತನು. ತಾನು ಆಡುವ ನಾಡಿಗೆ ಗೋಲನ್ನು ಕೊಟ್ಟನು. ತಾನು ಹುಟ್ಟಿದ ನಾಡಿಗೆ ಆ ಮೌನವನ್ನು ಕೊಟ್ಟನು.

ಸ್ಪೇನಿನ ವಿಲಿಯಮ್ಸ್ ಸಹೋದರರ ಕಥೆ ಇನ್ನೂ ಮನಮುಟ್ಟುವಂಥದು. ಅವರ ತಂದೆತಾಯಿಗಳು ಘಾನಾದಿಂದ ಹೊರಟು ಸಹರಾ ಮರುಭೂಮಿಯ ಬಹುಭಾಗವನ್ನು ಬರಿಗಾಲಿನಲ್ಲಿ ನಡೆದು ಉತ್ತರ ಆಫ್ರಿಕದ ಕರಾವಳಿಯಲ್ಲಿರುವ ಸ್ಪೇನಿನ ಮೆಲಿಲ್ಲಾ ನಗರವನ್ನು ಸೇರಿದವರು. ಸುಡುವ ಮರಳಿನಿಂದ ತಂದೆಯ ಅಂಗಾಲುಗಳು ಬೆಂದುಹೋದವು. ತಾಯಿ ಆಗ ಬಸುರಿ. ಆ ಮಗು ಇನ್ಯಾಕಿ 1994ರಲ್ಲಿ ಬಿಲ್ಬಾವೊ ನಗರದಲ್ಲಿ ಹುಟ್ಟಿದನು. ತಮ್ಮ ನಿಕೊ 2002ರಲ್ಲಿ ಹುಟ್ಟಿದನು. ಅಣ್ಣತಮ್ಮಂದಿರು ಒಂದೇ ಕ್ಲಬ್ಬಿನಲ್ಲಿ ಜೊತೆಯಾಗಿ ಆಡಿದರು. ಇನ್ಯಾಕಿ 2016ರಲ್ಲಿ ಸ್ಪೇನಿಗೆ ಒಂದು ಸ್ನೇಹಪಂದ್ಯವನ್ನು ಆಡಿದ್ದನು. ಅದು ಅವನನ್ನು ಕಟ್ಟಿಹಾಕಲಿಲ್ಲ. 2022ರಲ್ಲಿ ಘಾನಾಕ್ಕೆ ಹೋಗಿ ವೃದ್ಧರಾದ ಅಜ್ಜನನ್ನು ಕಂಡು ಬಂದನು. ಮೊಮ್ಮಗನು ತಮ್ಮ ನಾಡಿಗೆ ಆಡಬೇಕೆಂಬುದು ಆ ಹಿರಿಯರ ಹೆಬ್ಬಯಕೆಯಾಗಿತ್ತು. ಇನ್ಯಾಕಿ ಘಾನಾವನ್ನು ಆರಿಸಿಕೊಂಡನು. ನಿಕೊ ಸ್ಪೇನನ್ನು ಆರಿಸಿಕೊಂಡನು. 2024ರ ಯೂರೋಪ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಸ್ಪೇನಿನ ಮೊದಲ ಗೋಲು ಅವನದೇ. ಒಬ್ಬನು ಹಿರಿಯರ ಋಣವನ್ನು ತೀರಿಸಿದನು, ಮತ್ತೊಬ್ಬನು ಹೆತ್ತವರಿಗೆ ನೆಲೆ ಕೊಟ್ಟ ನೆಲದ ಋಣವನ್ನು ತೀರಿಸಿದನು ಎನ್ನೋಣವೆ? ಹಾಗೆಂದರೆ ಇಬ್ಬರಲ್ಲಿ ಯಾರು ತಪ್ಪು ಮಾಡಿದಂತಾಯಿತು?

ಆದರೆ ನೋಡುವ ಜನ ಯಾವಾಗಲೂ ಹೀಗೆ ಉದಾರವಾಗಿ ಯೋಚಿಸುವುದಿಲ್ಲ. ಓಜಿಲನ ಬಾಳನ್ನೇ ನೋಡಿರಿ. ಅವನು ತುರ್ಕಿಯ ಪೌರತ್ವವನ್ನು ಬಿಟ್ಟು ಜರ್ಮನಿಗೆ ಆಡಿದನು. 2010ರ ಅಕ್ಟೋಬರ್ 8ರಂದು ಬರ್ಲಿನ್ನಿನಲ್ಲಿ ಜರ್ಮನಿಗೂ ತುರ್ಕಿಗೂ ಪಂದ್ಯ ನಡೆದಾಗ ತುರ್ಕಿಯ ಅಭಿಮಾನಿಗಳು ಅವನ ಕಾಲಿಗೆ ಚೆಂಡು ಬಂದಾಗಲೆಲ್ಲ ಕೂಗಿ ಹೀಯಾಳಿಸಿದರು. ಅವನು ಗೋಲು ಹೊಡೆದನು, ಸಂಭ್ರಮಿಸಲಿಲ್ಲ. 2014ರಲ್ಲಿ ವಿಶ್ವಕಪ್ ಗೆದ್ದ ಜರ್ಮನಿ ತಂಡದಲ್ಲಿ ಅವನಿದ್ದನು. 2018ರಲ್ಲಿ ಅವನು ತುರ್ಕಿಯ ಅಧ್ಯಕ್ಷರೊಡನೆ ನಿಂತು ತೆಗೆಸಿಕೊಂಡ ಭಾವಚಿತ್ರ ಜರ್ಮನಿಯಲ್ಲಿ ದೊಡ್ಡ ವಿವಾದವಾಯಿತು. ಆ ವರ್ಷದ ವಿಶ್ವಕಪ್ಪಿನಲ್ಲಿ ಜರ್ಮನಿ ಮೊದಲ ಸುತ್ತಿನಲ್ಲಿಯೇ ಸೋತಾಗ ಬೈಗುಳ ಅವನ ಮೇಲೆ ಸುರಿಯಿತು. ಗೆದ್ದಾಗ ತನ್ನನ್ನು ಜರ್ಮನನೆಂದೂ ಸೋತಾಗ ವಲಸೆಗಾರನೆಂದೂ ಕಾಣುತ್ತಾರೆಂದು ನೊಂದು ನುಡಿದು ಅವನು ರಾಷ್ಟ್ರೀಯ ತಂಡದಿಂದ ನಿವೃತ್ತನಾದನು. ಅಧ್ಯಕ್ಷರೊಡನೆ ಅವನು ನಿಂತುದು ಸರಿಯೆ ಎಂಬುದು ಬೇರೆ ಪ್ರಶ್ನೆ. ಆದರೆ ಅವನ ನೋವಿನ ಮಾತು ನಮ್ಮೆಲ್ಲರನ್ನೂ ಕೇಳುವ ಪ್ರಶ್ನೆ. ಗೆಲುವಿನಲ್ಲಿ ನಮ್ಮವನಾದವನು ಸೋಲಿನಲ್ಲಿಯೂ ನಮ್ಮವನೇ ಆಗಬೇಡವೆ?

ಎಲ್ಲ ಆಯ್ಕೆಗಳೂ ಭಾವನೆಯಿಂದಲೇ ಆದುವೆಂದು ಹೇಳಲಾಗದು. ಬಲಿಷ್ಠ ತಂಡದಲ್ಲಿ ಸ್ಥಾನ ಸಿಕ್ಕದೆ ಇನ್ನೊಂದು ನಾಡಿನತ್ತ ತಿರುಗಿದವರಿದ್ದಾರೆ. ವಿಶ್ವಕಪ್ ಆಡುವ ಅವಕಾಶ ಎಲ್ಲಿ ಹೆಚ್ಚೆಂದು ಲೆಕ್ಕಹಾಕಿದವರೂ ಇದ್ದಾರೆ. ಆಟಗಾರನ ಆಯುಸ್ಸು ಹತ್ತು ಹದಿನೈದು ವರ್ಷ. ಹಾಗೆ ಲೆಕ್ಕಹಾಕುವುದು ಅಸಹಜವೇನೂ ಅಲ್ಲ. ಬಾಲ್ಯದಿಂದ ತರಬೇತಿ ಕೊಟ್ಟ ನಾಡು, ತಾನು ಬೆಳೆಸಿದ ಮರದ ಹಣ್ಣು ಇನ್ನೊಬ್ಬರ ಪಾಲಾಯಿತಲ್ಲಾ ಎಂದು ಕೊರಗುವುದರಲ್ಲಿಯೂ ಹುರುಳಿದೆ. ಹೊರಗಿನಿಂದ ಬಂದವನಿಗೆ ಎಡೆಮಾಡಿಕೊಡಲು ಸ್ಥಳೀಯ ಹುಡುಗನೊಬ್ಬನು ಸ್ಥಾನ ಕಳೆದುಕೊಳ್ಳುವುದೂ ಉಂಟು. ಅದೇ ವೇಳೆಗೆ ಚಿಕ್ಕ ನಾಡುಗಳಿಗೆ ಇದರಿಂದ ಬಲವೂ ಬಂದಿದೆ. 2022ರ ವಿಶ್ವಕಪ್ಪಿನಲ್ಲಿ ಮೊರೊಕ್ಕೊ ತಂಡದ 26 ಆಟಗಾರರಲ್ಲಿ 14 ಮಂದಿ ಹೊರದೇಶಗಳಲ್ಲಿ ಹುಟ್ಟಿದವರು. ಆ ತಂಡ ಸ್ಪೇನನ್ನು ಸೋಲಿಸಿದಾಗ ನಿರ್ಣಾಯಕವಾದ ಪೆನಾಲ್ಟಿಯನ್ನು ಗೋಲಾಗಿಸಿದ ಅಶ್ರಫ್ ಹಕೀಮಿ ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿದವನು! ಆಫ್ರಿಕ ಖಂಡದ ತಂಡವೊಂದು ವಿಶ್ವಕಪ್ಪಿನ ಉಪಾಂತ್ಯವನ್ನು ಮುಟ್ಟಿದುದು ಅದೇ ಮೊದಲು.

ನಮ್ಮ ದೇಶದ ನಿಲುವು ಬೇರೆ. ಭಾರತದ ಕಾನೂನು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರು ಮಾತ್ರ ದೇಶದ ತಂಡದಲ್ಲಿ ಆಡಬಹುದೆಂದು 2008ರಲ್ಲಿ ಸರ್ಕಾರ ಗೊತ್ತುಮಾಡಿತು. ಆದುದರಿಂದ ಹೊರನಾಡಿನಲ್ಲಿ ಹುಟ್ಟಿದ ಭಾರತೀಯ ಮೂಲದವನು ನಮ್ಮ ತಂಡಕ್ಕೆ ಆಡಬೇಕಾದರೆ ಹುಟ್ಟಿದ ನಾಡಿನ ಪೌರತ್ವವನ್ನು ತೊರೆದೇ ಬರಬೇಕು. ಭಾರತೀಯ ತಂದೆಗೂ ಜಪಾನೀ ತಾಯಿಗೂ ಜಪಾನಿನಲ್ಲಿ ಹುಟ್ಟಿದ ಇಜುಮಿ ಅರಾಟ ಹಾಗೆಯೇ ಬಂದು 2013ರಲ್ಲಿ ಭಾರತಕ್ಕೆ ಆಡಿದನು. ನಮ್ಮ ಬೆಂಗಳೂರು ಕ್ಲಬ್ಬಿನ ಆಟಗಾರನಾಗಿ ಬಂದ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯದಲ್ಲಿ ಹುಟ್ಟಿದವನು. ಆ ದೇಶಕ್ಕೆ ಒಂದು ಸ್ನೇಹಪಂದ್ಯವನ್ನೂ ಆಡಿದ್ದವನು. ಅವನ ತಾಯಿಯ ಕಡೆಯವರು ಮುಂಬಯಿಯ ಮೂಲದವರು. ಅವನೂ 2025ರಲ್ಲಿ ಆಸ್ಟ್ರೇಲಿಯದ ಪೌರತ್ವವನ್ನು ಬಿಟ್ಟು ಭಾರತದ ಪೌರನಾದನು. ಆಟಕ್ಕಾಗಿ ಅಂಗಿಯನ್ನು ಬದಲಾಯಿಸುವುದು ಸುಲಭ. ಪೌರತ್ವವನ್ನೇ ಬದಲಾಯಿಸುವುದು ಬಾಳಿನ ನಿರ್ಧಾರ.

ನಮ್ಮ ಹಳಗನ್ನಡ ಕಾವ್ಯಗಳಲ್ಲಿ ಜೋಳವಾಳಿ ಎಂಬ ಮಾತು ಬರುತ್ತದೆ. ಯಾರ ಜೋಳವನ್ನು ಉಂಡೆವೋ ಅವರಿಗೆ ನಿಷ್ಠರಾಗಿರಬೇಕೆಂಬ ಧರ್ಮ ಅದು. ಪಂಪನ ಕರ್ಣನಿಗೆ ತನ್ನ ಹುಟ್ಟಿನ ಗುಟ್ಟು ತಿಳಿದಾಗ ಎದುರಾದುದೂ ಇದೇ ಇಕ್ಕಟ್ಟು. ಒಂದು ಕಡೆ ರಕ್ತ, ಮತ್ತೊಂದು ಕಡೆ ಅನ್ನದ ಋಣ. ಅವನು ಋಣವನ್ನು ಆರಿಸಿಕೊಂಡನು; ಒಡಹುಟ್ಟಿದವರ ಎದುರು ನಿಂತು ಮಡಿದನು. ಸಾವಿರ ವರ್ಷಗಳಿಂದ ಕನ್ನಡಿಗರು ಅವನನ್ನು ದ್ರೋಹಿಯೆಂದು ಕರೆದಿಲ್ಲ, ಮರುಗಿದ್ದಾರೆ, ಮೆಚ್ಚಿದ್ದಾರೆ. ಕುರುಕ್ಷೇತ್ರದ ಕರ್ಣನಿಗೆ ನಾವು ತೋರುವ ಈ ಕನಿಕರವನ್ನು ಚೆಂಡಿನ ಹಿಂದೆ ಓಡುವ ಹುಡುಗನಿಗೆ ತೋರಲಾರೆವೆ?

ಇದು ದೂರದ ದೇಶಗಳ ಮಾತೆಂದು ತಿಳಿಯಬೇಡಿರಿ. ನಿಮ್ಮ ತರಗತಿಯಲ್ಲಿಯೇ ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು ಅಥವಾ ಮರಾಠಿಯನ್ನಾಡಿ ಶಾಲೆಯಲ್ಲಿ ಕನ್ನಡವನ್ನೋದುವ ಗೆಳೆಯರು ಇರಬಹುದು. ತಂದೆ ಒಂದು ಸೀಮೆಯವರು, ತಾಯಿ ಇನ್ನೊಂದು ಸೀಮೆಯವರು ಆಗಿರಬಹುದು. ನೀನು ಯಾರ ಕಡೆಯವನು ಎಂದು ಕೇಳಿ ಅಂಥವರನ್ನು ಇಕ್ಕಟ್ಟಿಗೆ ಸಿಲುಕಿಸುವುದು ಸುಲಭ. ಅವರು ಎರಡು ಕಡೆಯವರೂ ಆಗಿರಬಹುದೆಂದು ತಿಳಿದುಕೊಳ್ಳುವುದಕ್ಕೆ ಸ್ವಲ್ಪ ದೊಡ್ಡ ಮನಸ್ಸು ಬೇಕು.

ಬೋಟೆಂಗ್ ಸಹೋದರರು 2014ರ ಜೂನ್ 21ರಂದು ಬ್ರೆಜಿಲಿನ ಫೋರ್ಟಲೇಜಾ ನಗರದಲ್ಲಿ ಮತ್ತೊಮ್ಮೆ ಎದುರಾದರು. ಆ ಪಂದ್ಯ 2-2 ಗೋಲುಗಳಿಂದ ಸಮವಾಯಿತು. ಆ ವರ್ಷ ತಮ್ಮನು ವಿಶ್ವಕಪ್ ಗೆದ್ದ ತಂಡದಲ್ಲಿದ್ದನು; ಅಣ್ಣನನ್ನು ಶಿಸ್ತಿನ ಕಾರಣಕ್ಕಾಗಿ ಘಾನಾ ತಂಡ ಪಂದ್ಯಾವಳಿಯ ನಡುವೆಯೇ ಹಿಂದಕ್ಕೆ ಕಳುಹಿಸಿತು. ಇಬ್ಬರ ಅದೃಷ್ಟವೂ ಒಂದೇ ಆಗಲಿಲ್ಲ. ಆದರೂ ಅವರು ಒಂದೇ ತಂದೆಯ ಮಕ್ಕಳು. ಆ ಸಂಬಂಧವನ್ನು ಯಾವ ಒಕ್ಕೂಟದ ನಿಯಮವೂ ಕೇಳಿ ಬರೆದುಕೊಂಡುದಲ್ಲ, ಅಳಿಸಲಾರದು.

ಕಾಲ್ಚೆಂಡಾಟದಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ತೊಂಬತ್ತು ನಿಮಿಷ ಸೆಣಸಿದ ಆಟಗಾರರು ಆಟ ಮುಗಿದ ಮೇಲೆ ಬೆವರಿನಿಂದ ತೊಯ್ದ ಅಂಗಿಗಳನ್ನು ಕಳಚಿ ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳುತ್ತಾರೆ. ಎದುರಾಳಿಯ ನಾಡಿನ ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡು ನಗುತ್ತ ಹೊರಗೆ ನಡೆಯುತ್ತಾರೆ. ಎರಡು ನಾಡಿನ ಮಕ್ಕಳು ಆ ಎರಡನೆಯ ಅಂಗಿಯನ್ನು ಹುಟ್ಟಿದಂದಿನಿಂದಲೂ ಒಳಗೆ ತೊಟ್ಟಿರುತ್ತಾರೆ.

ಪದಗಳ ಅರ್ಥ

ತೊಳಲಾಟ – ಮನಸ್ಸಿನ ಸಂಕಟ, ಅತ್ತಿತ್ತ ಹೊಯ್ದಾಟ
ಪೌರತ್ವ – ಒಂದು ದೇಶದ ಪ್ರಜೆಯಾಗಿರುವಿಕೆ
ವಸಾಹತು – ಪರದೇಶದ ಆಳ್ವಿಕೆಗೆ ಒಳಪಟ್ಟ ನಾಡು
ಮೊರೆಹೊಗು – ಆಶ್ರಯ ಬೇಡು, ನ್ಯಾಯ ಕೇಳು
ಹೂಂಕಾರ – ಇಲ್ಲಿ, ಒಪ್ಪಿಗೆಯ ಮಾತು
ಹೆಬ್ಬಯಕೆ – ಹಿರಿದಾದ ಬಯಕೆ
ಹೀಯಾಳಿಸು – ಹಂಗಿಸು, ಅವಮಾನಪಡಿಸು
ಜೋಳವಾಳಿ – ಅನ್ನದ ಋಣಕ್ಕೆ ತಕ್ಕ ನಿಷ್ಠೆ
ಸೀಮೆ – ಪ್ರದೇಶ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಬೋಟೆಂಗ್ ಸಹೋದರರು ವಿಶ್ವಕಪ್ಪಿನಲ್ಲಿ ಮೊದಲ ಬಾರಿಗೆ ಎದುರಾದುದು ಎಲ್ಲಿ?
2. ಎರಡು ವಿಶ್ವಕಪ್ಪುಗಳ ಅಂತಿಮ ಪಂದ್ಯಗಳನ್ನು ಎರಡು ದೇಶಗಳ ಪರವಾಗಿ ಆಡಿದವನು ಯಾರು?
3. ಭಾರತದ ತಂಡದಲ್ಲಿ ಆಡಲು ಯಾರು ಅರ್ಹರು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಒಂದೇ ಮಗುವಿಗೆ ಎರಡು ಪೌರತ್ವಗಳು ಹೇಗೆ ಒದಗುತ್ತವೆ?
2. ಮುನೀರನಿಗೆ ಒದಗಿದ ಸಂಕಟವೇನು? ಅದು ಹೇಗೆ ಪರಿಹಾರವಾಯಿತು?
3. ಗೋಲು ಹೊಡೆದ ಎಂಬೋಲೊ ಏಕೆ ಸಂಭ್ರಮಿಸಲಿಲ್ಲ?

ಇ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ಇನ್ಯಾಕಿ ಮತ್ತು ನಿಕೊ ಮಾಡಿದ ಆಯ್ಕೆಗಳನ್ನು ಹೋಲಿಸಿ, ನಿಮ್ಮ ಅಭಿಪ್ರಾಯವನ್ನು ಬರೆಯಿರಿ.
2. ಲೇಖಕರು ಕರ್ಣನ ಪ್ರಸಂಗವನ್ನು ಇಲ್ಲಿ ತಂದಿರುವುದರ ಉದ್ದೇಶವೇನು? ಕರ್ಣನ ಇಕ್ಕಟ್ಟಿಗೂ ಆಟಗಾರರ ಇಕ್ಕಟ್ಟಿಗೂ ಇರುವ ವ್ಯತ್ಯಾಸವನ್ನೂ ತಿಳಿಸಿರಿ.

ಈ. ಭಾಷಾಭ್ಯಾಸ
1. ವಿಗ್ರಹವಾಕ್ಯ ಮಾಡಿ ಸಮಾಸವನ್ನು ಹೆಸರಿಸಿರಿ: ಹೆಬ್ಬಯಕೆ, ಸೆರೆಮನೆ, ತಂದೆತಾಯಿಗಳು, ಮರುಭೂಮಿ.
2. ಸ್ವಂತ ವಾಕ್ಯಗಳಲ್ಲಿ ಬಳಸಿರಿ: ಬೇರುಬಿಡು, ಮನಗಾಣು, ಕವಲೊಡೆ, ಎಡೆಮಾಡಿಕೊಡು.